ಚೆನ್ನಾಗಿ ಆಡುವ ಹುಡುಗನಿಗೆ ‘ಬೇಡ’ ಅನ್ನುವವರು ಯಾರು?

ಒಬ್ಬ ಹುಡುಗನಿಂದ ಶುರು ಮಾಡುತ್ತೇನೆ. ಹೆಸರು ಬೇಡ. ಆಗ ಅವನಿಗೆ ಹದಿನಾರು ವರ್ಷ. ಎಡಗಾಲಿನ ಆಟಗಾರ. ಚೆಂಡು ಅವನ ಕಾಲಿಗೆ ಬಂತು ಅಂದರೆ ಮೈದಾನದ ಆಚೆ ನಿಂತವರೂ ಮಾತು ನಿಲ್ಲಿಸಿ ನೋಡುತ್ತಿದ್ದರು. ನಾನು ಹುಡುಗರಿಗೆ ಫುಟ್‌ಬಾಲ್ ಕಲಿಸೋಕೆ ಶುರು ಮಾಡಿ ಆಗ ಆರು ವರ್ಷ ಆಗಿತ್ತು. ಇಂಥವನು ಮತ್ತೆ ನನ್ನ ಕೈಗೆ ಸಿಗುತ್ತಾನೋ ಇಲ್ಲವೋ ಅನ್ನುವ ಭಯ ನನಗಿತ್ತು. ಆ ಭಯವನ್ನು ನೆನಪಿಟ್ಟುಕೊಳ್ಳಿ. ಇವತ್ತಿನ ಮಾತೆಲ್ಲ ಅದರ ಸುತ್ತಲೇ ಇದೆ.

ನಮ್ಮ ಟೀಮಿನಲ್ಲಿ ಒಂದು ನಿಯಮ ಇತ್ತು. ವಾರದಲ್ಲಿ ಎರಡು ದಿನ ಪ್ರಾಕ್ಟೀಸ್ ತಪ್ಪಿಸಿದವರು ಆ ವಾರದ ಪಂದ್ಯ ಆಡುವ ಹಾಗಿಲ್ಲ. ಶನಿವಾರ ಸೆಮಿಫೈನಲ್. ಅವನು ಮಂಗಳವಾರ ಬರಲಿಲ್ಲ. ಗುರುವಾರವೂ ಬರಲಿಲ್ಲ. ಶನಿವಾರ ಪಂದ್ಯಕ್ಕೆ ಇಪ್ಪತ್ತು ನಿಮಿಷ ಇರುವಾಗ ಬಂದ. ಬೂಟಿನ ಲೇಸು ಕೂಡ ಕಟ್ಟಿರಲಿಲ್ಲ. ‘ಸಾರಿ ಸರ್’ ಅಂದ. ನಾನು ಅವನ ಮುಖ ನೋಡಿದೆ. ಆ ಕಡೆ ಬೆವರು ಹರಿಸಿ ವಾರ್ಮ್‌ಅಪ್ ಮಾಡುತ್ತಿದ್ದ ಎದುರು ಟೀಮನ್ನು ನೋಡಿದೆ. ಆಡಿಸಿಬಿಟ್ಟೆ. ಅವನು ಎರಡು ಗೋಲು ಹೊಡೆದ. ನಾವು ಗೆದ್ದೆವು.

ಅವನ ಜಾಗದಲ್ಲಿ ಆಡಬೇಕಾಗಿದ್ದ ಇನ್ನೊಬ್ಬ ಹುಡುಗ ಇದ್ದ. ಒಂದು ದಿನವೂ ತಪ್ಪಿಸಿದವನಲ್ಲ. ಹಿಂದಿನ ದಿನ ಅವನಿಗೆ ‘ನಾಳೆ ನೀನೇ’ ಅಂತ ನಾನೇ ಹೇಳಿದ್ದೆ. ಪಂದ್ಯ ಮುಗಿದ ಮೇಲೆ ಎಲ್ಲರೂ ಕುಣಿಯುತ್ತಿದ್ದಾಗ ಅವನು ಬೆಂಚಿನ ಮೇಲೆ ಕೂತು ಸಾಕ್ಸ್ ಇಳಿಸಿದ. ಶಿನ್ ಗಾರ್ಡ್ ತೆಗೆದ. ಬಟ್ಟೆಯಲ್ಲಿ ಒಂದೊಂದಾಗಿ ಒರೆಸಿ ಬ್ಯಾಗಿಗೆ ಹಾಕಿದ. ಅದಕ್ಕೆ ಮಣ್ಣೇ ಆಗಿರಲಿಲ್ಲ. ನನ್ನ ಕಡೆ ನೋಡಲೂ ಇಲ್ಲ, ಒಂದು ಮಾತು ಆಡಲೂ ಇಲ್ಲ. ಎರಡು ತಿಂಗಳಲ್ಲಿ ಬರುವುದನ್ನೇ ಬಿಟ್ಟ.

ಆ ದಿನ ನಾನು ಇಬ್ಬರಿಗೂ ಅನ್ಯಾಯ ಮಾಡಿದೆ. ಬೆಂಚಿನಲ್ಲಿ ಕೂತವನಿಗೆ ಆದದ್ದು ಎಲ್ಲರಿಗೂ ಕಾಣುತ್ತದೆ. ಗೋಲು ಹೊಡೆದವನಿಗೆ ಆದದ್ದು ಬೇಗ ಕಾಣುವುದಿಲ್ಲ. ಗೋಲು ಹೊಡೆಯುತ್ತಿರುವವರೆಗೆ ನಿನಗೆ ನಿಯಮ ಇಲ್ಲ ಅಂತ ನಾನು ಅವನಿಗೆ ಕಲಿಸಿದೆ. ಗೋಲು ಬರದ ದಿನ ಏನಾಗುತ್ತದೆ ಅನ್ನುವುದನ್ನು ಕಲಿಸಲಿಲ್ಲ. ಹದಿನೆಂಟಕ್ಕೆ ಅವನು ದೊಡ್ಡ ಟೀಮಿಗೆ ಹೋದ. ಅಲ್ಲಿ ಅವನಷ್ಟೇ ಚೆನ್ನಾಗಿ ಆಡುವವರು ಐದು ಜನ ಇದ್ದರು. ಎರಡು ಸಲ ತಡವಾಗಿ ಹೋದ. ಅಲ್ಲಿ ಯಾರೂ ಬೈಯಲಿಲ್ಲ. ಸುಮ್ನೆ ಕರೆಯುವುದನ್ನು ನಿಲ್ಲಿಸಿದರು.

ಇಂಥ ಹುಡುಗರ ಬಗ್ಗೆ ನಾವೆಲ್ಲ ಹೇಳುವ ಮಾತು ಒಂದೇ, ಅಲ್ವಾ? ‘ಪ್ರತಿಭೆ ಇದೆ, ಬುದ್ಧಿ ಇಲ್ಲ.’ ‘ತಲೆಗೇರಿದೆ.’ ‘ಸೊಕ್ಕು.’ ಇಷ್ಟು ಹೇಳಿದರೆ ನಮ್ಮ ಕೆಲಸ ಮುಗಿಯಿತು. ಆದರೆ ತಲೆಗೆ ಏರಿಸಿದವರು ಯಾರು ಅಂತ ಯಾರೂ ಕೇಳುವುದಿಲ್ಲ. ಚೆನ್ನಾಗಿ ಆಡುವ ಹುಡುಗನಿಗೆ ಎಂಟನೇ ವಯಸ್ಸಿನಿಂದಲೇ ಎಲ್ಲ ಮಾಫಿ. ಹೋಮ್‌ವರ್ಕ್ ಮಾಫಿ, ತಡವಾಗಿ ಬಂದರೆ ಮಾಫಿ, ಜೊತೆಯವನಿಗೆ ಬೈದರೆ ಮಾಫಿ. ಸಾಧಾರಣವಾಗಿ ಆಡುವ ಹುಡುಗ ಹತ್ತು ವರ್ಷದಲ್ಲಿ ನೂರು ಸಲ ‘ಬೇಡ’ ಅನ್ನಿಸಿಕೊಂಡು ಕಲಿಯುವುದನ್ನು ಇವನಿಗೆ ಯಾರೂ ಕಲಿಸುವುದೇ ಇಲ್ಲ. ಮೊದಲ ‘ಬೇಡ’ ಅವನ ಕಿವಿಗೆ ಬೀಳುವುದು ಹತ್ತೊಂಬತ್ತನೇ ವಯಸ್ಸಿನಲ್ಲಿ, ಸಾವಿರಾರು ಜನರ ಎದುರಿನಲ್ಲಿ.

ನನ್ನದು ಸಣ್ಣ ಟೀಮಿನ ಕಥೆ. ದೊಡ್ಡವರ ಕಥೆ ಬೇರೆ ಅಂದುಕೊಳ್ಳಬೇಡಿ. 2010ರ ಸೆಪ್ಟೆಂಬರ್. ಬ್ರೆಜಿಲ್‌ನ ಸ್ಯಾಂಟೋಸ್ ಕ್ಲಬ್. ಅಲ್ಲಿ ನೇಮಾರ್ ಇದ್ದ. ಹದಿನೆಂಟು ವರ್ಷ. ಒಂದು ಪಂದ್ಯದಲ್ಲಿ ಅವನ ಮೇಲೆ ಫೌಲ್ ಆಗಿ ಪೆನಾಲ್ಟಿ ಸಿಕ್ಕಿತು. ನೀನು ಹೊಡೆಯಬೇಡ, ಇನ್ನೊಬ್ಬ ಹೊಡೆಯಲಿ ಅಂತ ಕೋಚ್ ದೊರಿವಾಲ್ ಜೂನಿಯರ್ ಹೇಳಿದರು. ನೇಮಾರ್ ಮೈದಾನದಲ್ಲೇ ಕೋಚ್ ಮೇಲೆ ಕೂಗಾಡಿದ. ಕ್ಯಾಪ್ಟನ್ ಜೊತೆಗೂ ಜಗಳ ಮಾಡಿದ. ಆಮೇಲೆ ಕ್ಷಮೆ ಕೇಳಿದ. ಕೋಚ್ ಅವನನ್ನು ಮುಂದಿನ ಪಂದ್ಯದಿಂದ ಹೊರಗಿಟ್ಟರು. ಅದರ ಮುಂದಿನದು ದೊಡ್ಡ ಪಂದ್ಯ, ಕೊರಿಂಥಿಯನ್ಸ್ ವಿರುದ್ಧ. ಅದರಲ್ಲೂ ಆಡಿಸುವುದಿಲ್ಲ ಅಂದರು. ಕ್ಲಬ್ಬಿನವರು ಏನು ಮಾಡಿದರು ಗೊತ್ತಾ? ಕೋಚನ್ನೇ ಕೆಲಸದಿಂದ ತೆಗೆದರು. ಅದೇ ವರ್ಷ ಕ್ಲಬ್ಬಿಗೆ ಎರಡು ಕಪ್ ಗೆದ್ದುಕೊಟ್ಟ ಕೋಚ್ ಅವರು.

ನೇಮಾರ್ ಹಾಳಾಗಿ ಹೋದ ಅಂತ ನಾನು ಹೇಳುತ್ತಿಲ್ಲ. ಆಮೇಲೆ ಅವನು ಬ್ರೆಜಿಲ್ ಪರ ಪೆಲೆಗಿಂತ ಜಾಸ್ತಿ ಗೋಲು ಹೊಡೆದ. ನಾನು ಹೇಳುತ್ತಿರುವುದು ಆ ದಿನ ಡ್ರೆಸ್ಸಿಂಗ್ ರೂಮಿನಲ್ಲಿ ಕೂತಿದ್ದ ಬೇರೆ ಹುಡುಗರ ಬಗ್ಗೆ. ಇಲ್ಲಿ ಯಾರು ದೊಡ್ಡವರು ಅಂತ ಅವರಿಗೆ ಅವತ್ತೇ ಗೊತ್ತಾಯಿತು. ಹದಿನೆಂಟರ ಆ ಹುಡುಗನಿಗೂ ಗೊತ್ತಾಯಿತು. ಅವನು ಕ್ಷಮೆ ಕೇಳಿದ್ದನಲ್ಲ, ಅದು ಕಲಿಯೋಕೆ ಒಳ್ಳೆಯ ಗಳಿಗೆ. ತಪ್ಪು ಮಾಡಿದೆ, ಕ್ಷಮೆ ಕೇಳಿದೆ, ಅಷ್ಟಾದರೂ ಎರಡು ಪಂದ್ಯ ಹೊರಗೆ ಕೂತೆ, ಮತ್ತೆ ವಾಪಸ್ ಬಂದೆ. ಈ ಪಾಠ ಪೂರ್ತಿಯಾಗಲು ಕ್ಲಬ್ ಬಿಡಲಿಲ್ಲ.

ಸ್ವಲ್ಪ ವಯಸ್ಸಿನ ವಿಷಯಕ್ಕೆ ಬರೋಣ. ಹದಿನೇಳು ವರ್ಷದ ಹುಡುಗ ದೇಹದಲ್ಲಿ ಗಂಡಸು. ಓಟದಲ್ಲಿ ಮೂವತ್ತರವರನ್ನು ಹಿಂದೆ ಹಾಕುತ್ತಾನೆ. ಆದರೆ ಮೆದುಳಿನಲ್ಲಿ, ಹಣೆಯ ಹಿಂದೆ, ‘ತಡಿ, ಯೋಚನೆ ಮಾಡು’ ಅನ್ನುವ ಭಾಗ ಇದೆಯಲ್ಲ, ಅದು ಇಪ್ಪತ್ತೈದರ ಆಸುಪಾಸಿನವರೆಗೂ ಬಲಿಯುತ್ತಲೇ ಇರುತ್ತದೆ. 2005ರಲ್ಲಿ ಅಮೆರಿಕದಲ್ಲಿ ಮಾರ್ಗೋ ಗಾರ್ಡ್‌ನರ್ ಮತ್ತು ಲಾರೆನ್ಸ್ ಸ್ಟೈನ್‌ಬರ್ಗ್ ಅನ್ನುವ ಇಬ್ಬರು ಸಂಶೋಧಕರು ಒಂದು ಪ್ರಯೋಗ ಮಾಡಿದರು. ಕಂಪ್ಯೂಟರಿನಲ್ಲಿ ಕಾರು ಓಡಿಸುವ ಆಟ. ಹಳದಿ ದೀಪ ಬಂದಾಗ ನಿಲ್ಲಿಸುತ್ತೀಯಾ, ಇನ್ನೂ ಸ್ವಲ್ಪ ಓಡಿಸುತ್ತೀಯಾ? ಹದಿಮೂರರಿಂದ ಹದಿನಾರರ ಹುಡುಗರು, ಹದಿನೆಂಟರಿಂದ ಇಪ್ಪತ್ತೆರಡರವರು, ಇಪ್ಪತ್ತನಾಲ್ಕು ದಾಟಿದವರು, ಹೀಗೆ ಮೂರು ಗುಂಪು. ಕೆಲವರು ಒಬ್ಬರೇ ಆಡಿದರು, ಕೆಲವರು ಗೆಳೆಯರ ಎದುರು ಆಡಿದರು. ಗೆಳೆಯರು ನೋಡುತ್ತಿದ್ದಾರೆ ಅಂದಾಗ ಚಿಕ್ಕವರು ತುಂಬಾ ಜಾಸ್ತಿ ಅಪಾಯಕ್ಕೆ ಕೈ ಹಾಕಿದರು. ದೊಡ್ಡವರಲ್ಲಿ ಹಾಗಾಗಲಿಲ್ಲ.

ಈಗ ಮೈದಾನ ನೆನಪು ಮಾಡಿಕೊಳ್ಳಿ. ಅಲ್ಲಿ ನೋಡುವವರು ಇಬ್ಬರು ಗೆಳೆಯರಲ್ಲ, ನಲವತ್ತು ಸಾವಿರ ಜನ. ಡಿಫೆಂಡರ್ ಬೇಕು ಅಂತಲೇ ಹಿಮ್ಮಡಿ ತುಳಿಯುತ್ತಾನೆ. ಕಿವಿಯ ಹತ್ತಿರ ಬಂದು ಮನೆಯವರ ಬಗ್ಗೆ ಏನೋ ಅನ್ನುತ್ತಾನೆ. ಅದು ಅವನ ಕೆಲಸದ ಒಂದು ಭಾಗ. ರೆಫ್ರಿಗೆ ಕೇಳಿಸುವುದಿಲ್ಲ. ಆ ಅರ್ಧ ಸೆಕೆಂಡಿನಲ್ಲಿ ಹುಡುಗ ತಿರುಗಿ ಮೊಣಕೈ ಬೀಸಿದರೆ ರೆಡ್ ಕಾರ್ಡ್. ಉಳಿದ ಹತ್ತು ಜನ ಅವನ ಪಾಲಿನ ಓಟವನ್ನೂ ಓಡಬೇಕು. ಆ ಅರ್ಧ ಸೆಕೆಂಡ್ ತಡೆದುಕೊಳ್ಳುವ ಶಕ್ತಿಯನ್ನು ಯಾರೂ ಹುಟ್ಟುವಾಗಲೇ ತರುವುದಿಲ್ಲ. ಅದನ್ನೂ ಡ್ರಿಬ್ಲಿಂಗ್ ಹಾಗೆಯೇ ದಿನಾ ಅಭ್ಯಾಸ ಮಾಡಿಸಬೇಕು. ನಾವು ಮಾಡಿಸುತ್ತೇವಾ?

ಇನ್ನೊಂದು ಮಾತು. ಶಿಸ್ತು ಅಂದ ತಕ್ಷಣ ನಮಗೆ ನೆನಪಾಗುವುದು ರಾತ್ರಿ ಪಾರ್ಟಿ, ದುಬಾರಿ ಕಾರು, ಕೂದಲಿನ ಬಣ್ಣ. ಕೂದಲಿಗೆ ಯಾವ ಬಣ್ಣ ಬೇಕಾದರೂ ಹಾಕಿಕೊಳ್ಳಲಿ ಬಿಡಿ. ತೊಂಬತ್ತು ನಿಮಿಷದ ಪಂದ್ಯದಲ್ಲಿ ಒಬ್ಬ ಆಟಗಾರನ ಕಾಲಲ್ಲಿ ಚೆಂಡು ಇರುವುದು ಹೆಚ್ಚೆಂದರೆ ಎರಡು ಮೂರು ನಿಮಿಷ. ನಾವು ಪ್ರತಿಭೆ ಅಂತ ಚಪ್ಪಾಳೆ ತಟ್ಟುವುದು ಆ ಮೂರು ನಿಮಿಷಕ್ಕೆ. ಉಳಿದ ಹೊತ್ತೆಲ್ಲ ಏನು? ಚೆಂಡು ಕಳೆದುಕೊಂಡ ಮೇಲೆ ಹಿಂದೆ ಓಡುವುದು. ತನ್ನ ಕಡೆಯ ಡಿಫೆಂಡರನ್ನು ಬಿಡದೆ ಹಿಂಬಾಲಿಸುವುದು. ಪಾಸ್ ಬರುವುದಿಲ್ಲ ಅಂತ ಗೊತ್ತಿದ್ದರೂ ಜಾಗಕ್ಕೆ ಓಡುವುದು, ಇನ್ನೊಬ್ಬನಿಗೆ ದಾರಿ ಆಗಲಿ ಅಂತ. ಶಿಸ್ತು ಇರುವುದು ಅಲ್ಲಿ. ಚೆಂಡು ಕಳೆದುಕೊಂಡು ಸೊಂಟದ ಮೇಲೆ ಕೈ ಇಟ್ಟು ನಿಂತ ಹುಡುಗನನ್ನು ನೋಡಿದಾಗ ನನಗೆ ಅವನ ಪಾರ್ಟಿಗಿಂತ ಜಾಸ್ತಿ ಚಿಂತೆಯಾಗುತ್ತದೆ.

ಈ ವಿಷಯ ಮಾತಾಡುವಾಗ ಮಾರಿಯೋ ಬಾಲೊಟೆಲ್ಲಿಯನ್ನು ಬಿಟ್ಟು ಮುಂದೆ ಹೋಗೋಕೆ ಆಗಲ್ಲ. ನಿಮ್ಮಲ್ಲಿ ಎಷ್ಟೋ ಜನಕ್ಕೆ ಅವನ ಹೆಸರು ಕೇಳಿದರೆ ನಗು ಬರಬಹುದು. ನಾನು ನಗದೆ ಅವನ ಕಥೆ ಹೇಳುತ್ತೇನೆ.

1990ರಲ್ಲಿ ಇಟಲಿಯ ಪಲೆರ್ಮೊದಲ್ಲಿ ಹುಟ್ಟಿದ. ಹೆತ್ತವರು ಘಾನಾದಿಂದ ಬಂದವರು. ಕೂಸಾಗಿದ್ದಾಗಲೇ ಕರುಳಿನ ತೊಂದರೆಯಿಂದ ಆಪರೇಷನ್‌ಗಳಾದವು. ಚಿಕ್ಕ ವಯಸ್ಸಿನಲ್ಲೇ ಬ್ರೆಷಿಯಾ ಕಡೆಯ ಬಾಲೊಟೆಲ್ಲಿ ಕುಟುಂಬ ಅವನನ್ನು ಸಾಕಲು ತೆಗೆದುಕೊಂಡಿತು. ಹುಟ್ಟಿದ್ದು ಇಟಲಿ, ಆಡಿದ ಮಾತು ಇಟಲಿಯದು, ಬೆಳೆದದ್ದು ಅಲ್ಲೇ. ಆದರೂ ಅಲ್ಲಿನ ಪೌರತ್ವ ಸಿಕ್ಕಿದ್ದು ಹದಿನೆಂಟು ತುಂಬಿದ ಮೇಲೆ, 2008ರಲ್ಲಿ. ಅಷ್ಟರಲ್ಲಿ ಅವನು ಇಂಟರ್ ಮಿಲಾನ್‌ನ ಮುಖ್ಯ ಟೀಮಿನಲ್ಲಿ ಆಡುತ್ತಿದ್ದ. 2009ರ ಏಪ್ರಿಲ್‌ನಲ್ಲಿ ಯುವೆಂಟಸ್ ಅಭಿಮಾನಿಗಳು ಅವನ ಮೈಬಣ್ಣ ಹಿಡಿದು ಎಷ್ಟು ಹೀನಾಯವಾಗಿ ಕೂಗಿದರೆಂದರೆ, ಆ ಕ್ಲಬ್ ಶಿಕ್ಷೆಯಾಗಿ ಒಂದು ಪಂದ್ಯವನ್ನು ಖಾಲಿ ಸ್ಟೇಡಿಯಂನಲ್ಲಿ ಆಡಬೇಕಾಯಿತು. ಹದಿನೆಂಟು ವರ್ಷದ ಹುಡುಗ. ನೀನು ನಮ್ಮವನಲ್ಲ ಅಂತ ಸ್ಟೇಡಿಯಂ ಕೂಗುತ್ತಿದೆ. ಇದನ್ನು ಪಕ್ಕಕ್ಕೆ ಇಟ್ಟು ಅವನ ಶಿಸ್ತಿನ ಬಗ್ಗೆ ಮಾತಾಡುವುದು ಸರಿಯಲ್ಲ.

ಆದರೆ ಪೂರ್ತಿ ಅದರ ಮೇಲೆ ಹಾಕಿ ಕೈ ತೊಳೆದುಕೊಳ್ಳುವುದೂ ಸರಿಯಲ್ಲ. 2010ರ ಏಪ್ರಿಲ್ 20. ಚಾಂಪಿಯನ್ಸ್ ಲೀಗ್ ಸೆಮಿಫೈನಲ್. ಇಂಟರ್ ತಂಡ ಬಾರ್ಸಿಲೋನಾವನ್ನು 3–1ರಿಂದ ಸೋಲಿಸಿತು. ಇಡೀ ಸ್ಟೇಡಿಯಂ ಕುಣಿಯಬೇಕಾದ ರಾತ್ರಿ. ಸಬ್‌ಸ್ಟಿಟ್ಯೂಟ್ ಆಗಿ ಬಂದ ಬಾಲೊಟೆಲ್ಲಿ ಮನಸ್ಸಿಟ್ಟು ಆಡಲಿಲ್ಲ. ತಮ್ಮದೇ ಅಭಿಮಾನಿಗಳು ಸಿಳ್ಳೆ ಹಾಕಿ ಬೈದರು. ಪಂದ್ಯ ಮುಗಿದಾಗ ಅವನು ಕ್ಲಬ್ಬಿನ ಜರ್ಸಿ ಬಿಚ್ಚಿ ನೆಲಕ್ಕೆ ಎಸೆದ. ಗೆದ್ದ ಟೀಮಿನಲ್ಲಿ ಅವನೊಬ್ಬ ಸೋತವನ ಹಾಗೆ ಒಳಗೆ ಹೋದ.

ಆಮೇಲೆ ಮ್ಯಾಂಚೆಸ್ಟರ್ ಸಿಟಿ. ಅಲ್ಲಿನ ಕೋಚ್ ರೊಬೆರ್ಟೊ ಮಾನ್ಚಿನಿಗೆ ಈ ಹುಡುಗನ ಮೇಲೆ ನಿಜವಾದ ಪ್ರೀತಿ ಇತ್ತು. ಇಂಟರ್‌ನಲ್ಲಿ ಅವನಿಗೆ ಮೊದಲ ಅವಕಾಶ ಕೊಟ್ಟವರೂ ಅವರೇ. 2011ರ ಜುಲೈನಲ್ಲಿ ಅಮೆರಿಕದಲ್ಲಿ ಎಲ್‌ಎ ಗ್ಯಾಲಕ್ಸಿ ವಿರುದ್ಧ ಒಂದು ಸೌಹಾರ್ದ ಪಂದ್ಯ. ಬಾಲೊಟೆಲ್ಲಿ ಗೋಲಿನ ಎದುರು ಒಬ್ಬನೇ. ಸುಮ್ನೆ ತಳ್ಳಿದ್ದರೂ ಗೋಲು. ಅವನು ಗಿರಕಿ ಹೊಡೆದು ಹಿಮ್ಮಡಿಯಲ್ಲಿ ಒದ್ದ. ಚೆಂಡು ಹೊರಗೆ ಹೋಯಿತು. ಇನ್ನೂ ಅರ್ಧ ಗಂಟೆ ಆಟವಷ್ಟೇ ಆಗಿತ್ತು. ಮಾನ್ಚಿನಿ ಅವನನ್ನು ತಕ್ಷಣ ಹೊರಗೆ ಕರೆದರು. ಬೆಂಚಿನ ಹತ್ತಿರ ಇಬ್ಬರಿಗೂ ವಾದವಾಯಿತು. ಕೋಚ್ ಆಗಿ ನಾನು ಆ ವಿಡಿಯೋವನ್ನು ಎಷ್ಟೋ ಸಲ ನೋಡಿದ್ದೇನೆ. ಮಾನ್ಚಿನಿ ಮಾಡಿದ್ದು ಸರಿ. ಸೌಹಾರ್ದ ಪಂದ್ಯ ಅಂತ ಬಿಟ್ಟುಬಿಡಬಹುದಿತ್ತು, ಅವರು ಬಿಡಲಿಲ್ಲ. ತಪ್ಪಿಗೂ ಅದರ ಫಲಕ್ಕೂ ನಡುವೆ ಹೆಚ್ಚು ಹೊತ್ತು ಇರಲಿಲ್ಲ. ಹುಡುಗರಿಗೆ ಅರ್ಥವಾಗುವುದು ಹೀಗೆ. ವಾರ ಬಿಟ್ಟು ಕೊಡುವ ಭಾಷಣದಿಂದ ಏನೂ ಅರ್ಥವಾಗಲ್ಲ.

ಅದೇ ವರ್ಷ ಅಕ್ಟೋಬರ್. ಮ್ಯಾಂಚೆಸ್ಟರ್ ಯುನೈಟೆಡ್ ವಿರುದ್ಧದ ಪಂದ್ಯದ ಹಿಂದಿನ ದಿನ ನಸುಕಿನಲ್ಲಿ ಅವನ ಮನೆಯ ಬಾತ್‌ರೂಮಿನಲ್ಲಿ ಪಟಾಕಿ ಹೊತ್ತಿ ಬೆಂಕಿ ಬಿತ್ತು. ಅಗ್ನಿಶಾಮಕದವರು ಬಂದರು. ಮರುದಿನ, ಅಕ್ಟೋಬರ್ 23ರಂದು, ಸಿಟಿ 6–1ರಿಂದ ಗೆದ್ದಿತು. ಮೊದಲ ಗೋಲು ಅವನದೇ. ಜರ್ಸಿ ಎತ್ತಿ ಒಳಗಿನ ಬರಹ ತೋರಿಸಿದ: ‘ಯಾವಾಗಲೂ ನಾನೇ ಯಾಕೆ?’ ಜಗತ್ತೆಲ್ಲ ನಕ್ಕಿತು. ಆ ಬರಹ ಪೋಸ್ಟರ್ ಆಯಿತು, ಟೀ ಶರ್ಟ್ ಆಯಿತು. ಅವನಿಗೆ ಆಗ ಇಪ್ಪತ್ತೊಂದು. ಇಪ್ಪತ್ತೊಂದರ ಹುಡುಗ ಕೇಳಿದ ಪ್ರಶ್ನೆಗೆ ಒಬ್ಬರಾದರೂ ಕೂತು ಉತ್ತರ ಹೇಳಿದರಾ? ನನಗೆ ಕಾಡುವುದು ಅದು. ಅವನ ತುಂಟತನ ಪತ್ರಿಕೆಗಳಿಗೆ ವ್ಯಾಪಾರ, ನಮಗೆ ಮನರಂಜನೆ. ಒಬ್ಬ ಹುಡುಗನ ತಪ್ಪಿಗೆ ಊರೆಲ್ಲ ಚಪ್ಪಾಳೆ ತಟ್ಟಿದರೆ ಅವನು ಯಾಕೆ ಬಿಡುತ್ತಾನೆ?

ಪ್ರತಿಭೆ ಎಷ್ಟಿತ್ತು ಅಂತ ನೋಡಬೇಕಿದ್ದರೆ ಯುರೋಪಿನ ದೇಶಗಳ ಟೂರ್ನಿ, 2012ರ ಯುರೋ, ಅದರ ಸೆಮಿಫೈನಲ್ ನೋಡಿ. ಜರ್ಮನಿ ವಿರುದ್ಧ ಮೊದಲಾರ್ಧದಲ್ಲೇ ಎರಡು ಗೋಲು. ಎರಡನೆಯದು ಹೊಡೆದ ರಭಸಕ್ಕೆ ಗೋಲ್‌ಕೀಪರ್ ಕದಲಲೂ ಇಲ್ಲ. ಪಂದ್ಯ ಮುಗಿದ ಮೇಲೆ ಗ್ಯಾಲರಿಯ ಹತ್ತಿರ ಹೋಗಿ ಸಾಕಿದ ತಾಯಿಯನ್ನು ತಬ್ಬಿಕೊಂಡು ನಿಂತ. ಮೈದಾನದಲ್ಲಿ ಮುಖ ಗಂಟು ಹಾಕಿಕೊಂಡೇ ಇರುತ್ತಿದ್ದ ಹುಡುಗ ಅಲ್ಲಿ ಪುಟ್ಟ ಮಗುವಿನ ಹಾಗೆ ಕಾಣುತ್ತಿದ್ದ. ಎರಡು ವರ್ಷದ ನಂತರ ಲಿವರ್‌ಪೂಲ್‌ಗೆ ಹೋಗಿ ಇಡೀ ಲೀಗ್‌ನಲ್ಲಿ ಒಂದೇ ಗೋಲು ಹೊಡೆದ. ಆಮೇಲೆ ಫ್ರಾನ್ಸ್‌ನ ನೀಸ್‌ನಲ್ಲಿ ಎರಡು ವರ್ಷ ಚೆನ್ನಾಗಿ ಆಡಿದ. ಪೂರ್ತಿ ಮುಳುಗಲೂ ಇಲ್ಲ, ದಡ ಸೇರಲೂ ಇಲ್ಲ.

ಇಲ್ಲಿ ಒಂದು ಎಚ್ಚರಿಕೆ ಹೇಳಬೇಕು. ಹೊರಗಿನಿಂದ ಅಶಿಸ್ತು ಅಂತ ಕಾಣುವುದೆಲ್ಲ ಅಶಿಸ್ತಲ್ಲ. ಬ್ರೆಜಿಲ್‌ನ ಅಡ್ರಿಯಾನೊ ನೆನಪಿದೆಯಾ? ಇಟಲಿಯವರು ಅವನನ್ನು ‘ಚಕ್ರವರ್ತಿ’ ಅಂತ ಕರೆಯುತ್ತಿದ್ದರು. 2004ರ ಜುಲೈ 25ರಂದು ಕೋಪಾ ಅಮೆರಿಕ ಫೈನಲ್. ಅರ್ಜೆಂಟೀನಾ ವಿರುದ್ಧ ಬ್ರೆಜಿಲ್ ಸೋಲುವುದು ಖಚಿತವಾಗಿತ್ತು. 93ನೇ ನಿಮಿಷದಲ್ಲಿ ಅವನು ಗೋಲು ಹೊಡೆದು ಸಮ ಮಾಡಿದ. ಪೆನಾಲ್ಟಿಯಲ್ಲಿ ಬ್ರೆಜಿಲ್ ಕಪ್ ಗೆದ್ದಿತು. ಅವನಿಗೆ ಇಪ್ಪತ್ತೆರಡು ವರ್ಷ. ಕೆಲವೇ ದಿನದಲ್ಲಿ ಅವನ ತಂದೆ ತೀರಿಕೊಂಡರು. ಆಮೇಲೆ ಕುಡಿತ, ಪ್ರಾಕ್ಟೀಸ್‌ಗೆ ಬರದಿರುವುದು, ತೂಕ ಏರಿದ್ದು. ಎಲ್ಲರೂ ಬೇಜವಾಬ್ದಾರಿ ಅಂದರು. ಅಪ್ಪ ಹೋದ ಮೇಲೆ ಆಟದ ಮೇಲಿನ ಪ್ರೀತಿ ಮೊದಲಿನ ಹಾಗೆ ಉಳಿಯಲಿಲ್ಲ ಅಂತ ಅವನೇ ವರ್ಷಗಳ ನಂತರ ಹೇಳಿಕೊಂಡ.

ಇಂಗ್ಲೆಂಡಿನ ಡೆಲಿ ಅಲಿ ಇನ್ನೊಬ್ಬ. 2016, 2017, ಎರಡೂ ವರ್ಷ ಅಲ್ಲಿನ ಅತ್ಯುತ್ತಮ ಯುವ ಆಟಗಾರ. ಆಮೇಲೆ ಆಟ ಕುಸಿಯಿತು. ಸೋಮಾರಿ ಅಂದರು, ಗಮನ ಇಲ್ಲ ಅಂದರು. 2023ರ ಜುಲೈನಲ್ಲಿ ಅವನು ಒಂದು ಸಂದರ್ಶನದಲ್ಲಿ ಬಾಯಿ ಬಿಟ್ಟ. ಆರನೇ ವಯಸ್ಸಿನಲ್ಲಿ ಲೈಂಗಿಕ ದೌರ್ಜನ್ಯಕ್ಕೆ ಒಳಗಾಗಿದ್ದು, ನಿದ್ದೆ ಮಾತ್ರೆಯ ಚಟಕ್ಕೆ ಬಿದ್ದಿದ್ದು, ಚಿಕಿತ್ಸೆಗೆ ಸೇರಿದ್ದು, ಎಲ್ಲ ಹೇಳಿದ. ಅವನನ್ನು ಸೋಮಾರಿ ಅಂದವರಲ್ಲಿ ನಾನೂ ಒಬ್ಬ. ಟಿವಿ ಮುಂದೆ ಕೂತು ಹುಡುಗರಿಗೆ ‘ನೋಡಿ, ಹೀಗಾಗಬೇಡಿ’ ಅಂತ ಹೇಳಿದ್ದೆ. ಆ ಸಂದರ್ಶನ ನೋಡಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಅದಕ್ಕೇ ಈಗ ಒಂದು ಅಭ್ಯಾಸ ಮಾಡಿಕೊಂಡಿದ್ದೇನೆ. ಹುಡುಗ ಇದ್ದಕ್ಕಿದ್ದ ಹಾಗೆ ಬದಲಾದರೆ ಶಿಕ್ಷೆಗೆ ಮೊದಲು ಪ್ರಶ್ನೆ. ಅದೂ ಎಲ್ಲರ ಎದುರಲ್ಲ. ಕೋನ್‌ಗಳನ್ನು ಎತ್ತಿಡುವಾಗ ಅವನನ್ನೂ ಜೊತೆಗೆ ಕರೆಯುತ್ತೇನೆ. ಬಗ್ಗಿ ಕೋನ್ ಎತ್ತುವಾಗ ಒಬ್ಬರ ಮುಖ ಒಬ್ಬರು ನೋಡಬೇಕಾಗಿಲ್ಲ. ಎದುರು ಕೂರಿಸಿ ಕೇಳಿದರೆ ಹೇಳದ್ದನ್ನು ಹುಡುಗರು ಆಗ ಹೇಳುತ್ತಾರೆ.

ಹಾಗಾದರೆ ಎಲ್ಲವನ್ನೂ ಹೊಟ್ಟೆಗೆ ಹಾಕಿಕೊಳ್ಳಬೇಕಾ ಅಂತ ನೀವು ಕೇಳುತ್ತೀರಿ. ಇಲ್ಲ. ಕಾರಣ ತಿಳಿದುಕೊಳ್ಳುವುದು ಬೇರೆ, ನಿಯಮ ಸಡಿಲಿಸುವುದು ಬೇರೆ. ಎರಡನ್ನೂ ಒಟ್ಟಿಗೆ ಮಾಡಿದ ಉದಾಹರಣೆ ಜಿನೆದಿನ್ ಜಿದಾನ್‌ನದು. ಹದಿಹರೆಯದಲ್ಲಿ ಅವನು ಫ್ರಾನ್ಸ್‌ನ ಕಾನ್ ಕ್ಲಬ್ಬಿಗೆ ಬಂದ. ಮುಂಗೋಪಿ. ತಾನು ಬೆಳೆದ ಕೇರಿಯನ್ನು ಹೀಯಾಳಿಸಿದ ಎದುರಾಳಿಗೆ ಹೊಡೆದ. ಕ್ಲಬ್ಬಿನವರು ಅವನಿಗೆ ಶಿಕ್ಷೆಯಾಗಿ ಸ್ವಚ್ಛ ಮಾಡುವ ಕೆಲಸ ಕೊಟ್ಟರು. ಅದೇ ಕ್ಲಬ್ಬಿನ ಒಬ್ಬ ನಿರ್ದೇಶಕರು ಅವನನ್ನು ಹಾಸ್ಟೆಲಿನಿಂದ ಕರೆದು ತಮ್ಮ ಮನೆಯಲ್ಲೇ ಇಟ್ಟುಕೊಂಡರು. ಒಂದು ಕೈಯಲ್ಲಿ ಪೊರಕೆ ಕೊಟ್ಟರು, ಇನ್ನೊಂದು ಕೈ ಹಿಡಿದು ಮನೆಯೊಳಗೆ ಕರೆದುಕೊಂಡರು. ಬರೀ ಶಿಕ್ಷೆ ಕೊಟ್ಟಿದ್ದರೆ ಹುಡುಗ ಓಡಿಹೋಗುತ್ತಿದ್ದನೇನೋ. ಬರೀ ಪ್ರೀತಿ ಕೊಟ್ಟಿದ್ದರೆ ಮತ್ತೊಬ್ಬನಿಗೆ ಹೊಡೆಯುತ್ತಿದ್ದನೇನೋ.

ಹಾಗಂತ ಜಿದಾನ್‌ನ ಕೋಪ ಹೋಯಿತಾ? ಹೋಗಲಿಲ್ಲ. ವೃತ್ತಿಜೀವನದಲ್ಲಿ ಹದಿನಾಲ್ಕು ರೆಡ್ ಕಾರ್ಡ್. ಕೊನೆಯದು 2006ರ ವಿಶ್ವಕಪ್ ಫೈನಲ್‌ನಲ್ಲಿ, ಮೂವತ್ತನಾಲ್ಕನೇ ವಯಸ್ಸಿನಲ್ಲಿ, ಅವನ ಕಟ್ಟಕಡೆಯ ಪಂದ್ಯದಲ್ಲಿ. ಇಟಲಿಯ ಆಟಗಾರ ಮಟೆರಾಜ್ಜಿಯ ಎದೆಗೆ ತಲೆಯಿಂದ ಗುದ್ದಿದ್ದನ್ನು ಮರೆತವರಿಲ್ಲ. ಆದರೂ ಅಷ್ಟು ವರ್ಷ ಅವನು ಟೀಮಿಗೆ ಆಧಾರವಾಗಿ ನಿಂತ. ಬುದ್ಧಿ ಬಲಿಯುವುದು ಅಂದರೆ ಕೋಪ ಮಾಯವಾಗುವುದು ಅಂತ ನಾನು ನಂಬುವುದಿಲ್ಲ. ಕೋಪ ಬಂದ ಸಾವಿರ ಸಲದಲ್ಲಿ ಎಷ್ಟು ಸಲ ತಡೆದುಕೊಂಡ ಅನ್ನುವುದೇ ಲೆಕ್ಕ. ಆ ತಡೆದುಕೊಂಡದ್ದು ಮಾತ್ರ ಯಾವ ದಾಖಲೆಯಲ್ಲೂ ಇರುವುದಿಲ್ಲ.

ಕಿಮ್ ಮಿಲ್ಟನ್ ನೀಲ್ಸನ್ ಅಂತ ಡೆನ್ಮಾರ್ಕಿನ ರೆಫ್ರಿ ಒಬ್ಬರಿದ್ದರು. 1998ರ ವಿಶ್ವಕಪ್‌ನಲ್ಲಿ ಅರ್ಜೆಂಟೀನಾದ ಸಿಮಿಯೋನೆಗೆ ಕಾಲು ತಾಗಿಸಿದ್ದಕ್ಕೆ ಇಂಗ್ಲೆಂಡಿನ ಇಪ್ಪತ್ಮೂರರ ಡೇವಿಡ್ ಬೆಕಮ್‌ಗೆ ರೆಡ್ ಕಾರ್ಡ್ ತೋರಿಸಿದವರು ಅವರು. ಏಳು ವರ್ಷದ ನಂತರ, 2005ರ ಸೆಪ್ಟೆಂಬರ್‌ನಲ್ಲಿ, ವಿಯಾರಿಯಲ್ ವಿರುದ್ಧದ ಪಂದ್ಯದಲ್ಲಿ ಹತ್ತೊಂಬತ್ತರ ವೇಯ್ನ್ ರೂನಿಯನ್ನು ಹೊರಗೆ ಕಳಿಸಿದವರೂ ಅವರೇ. ಹಳದಿ ಕಾರ್ಡ್ ತೋರಿಸಿದ್ದಕ್ಕೆ ರೂನಿ ಅವರ ಮುಖದ ಮುಂದೆ ವ್ಯಂಗ್ಯವಾಗಿ ಚಪ್ಪಾಳೆ ತಟ್ಟಿದ್ದ. ಮರುವರ್ಷದ ವಿಶ್ವಕಪ್ ಕ್ವಾರ್ಟರ್‌ಫೈನಲ್‌ನಲ್ಲಿ ಪೋರ್ಚುಗಲ್ ಆಟಗಾರನನ್ನು ತುಳಿದು ಮತ್ತೆ ರೆಡ್ ಕಾರ್ಡ್. 1998ರಲ್ಲಿ ಬೆಕಮ್‌ನನ್ನು ಅವನ ದೇಶವೇ ಬೈದು ಹಾಕಿತು. ಅವನ ಪ್ರತಿಕೃತಿಯನ್ನು ನೇಣು ಹಾಕಿದರು. ಮ್ಯಾಂಚೆಸ್ಟರ್ ಯುನೈಟೆಡ್ ಕ್ಲಬ್ಬಿನಲ್ಲಿ ಬೆಕಮ್, ರೂನಿ ಇಬ್ಬರಿಗೂ ಕೋಚ್ ಆಗಿದ್ದವರು ಅಲೆಕ್ಸ್ ಫರ್ಗುಸನ್. ಒಳಗೆ ಬೈಯುತ್ತಿದ್ದರು, ಹೊರಗೆ ಕಾಪಾಡುತ್ತಿದ್ದರು. ಬೆಕಮ್ ಮುಂದಿನ ವರ್ಷವೇ ಕ್ಲಬ್ಬಿನ ಜೊತೆ ಮೂರು ಕಪ್ ಗೆದ್ದ. ರೂನಿ ಆ ಕ್ಲಬ್ಬಿಗಾಗಿ 253 ಗೋಲು ಹೊಡೆದ. ನಮ್ಮಲ್ಲಿ ಬಹಳ ಜನ ಇದರ ಉಲ್ಟಾ ಮಾಡುತ್ತೇವೆ. ಒಳಗೆ ಮುದ್ದು ಮಾಡುತ್ತೇವೆ, ಸೋತ ದಿನ ಹೊರಗೆ ಬಿಟ್ಟುಕೊಡುತ್ತೇವೆ.

ಕೆಲಸಕ್ಕೆ ಬರುವ ಒಂದೆರಡು ವಿಷಯ ಹೇಳುತ್ತೇನೆ. ಇಂಗ್ಲೆಂಡಿನಲ್ಲಿ ಕೆಳಹಂತದ ಫುಟ್‌ಬಾಲ್‌ನಲ್ಲಿ 2019–20ರಿಂದ ಒಂದು ನಿಯಮ ಇದೆ. ರೆಫ್ರಿ ಜೊತೆ ವಾದ ಮಾಡಿದರೆ ಹತ್ತು ನಿಮಿಷ ಹೊರಗೆ ಕೂರಬೇಕು, ಆಮೇಲೆ ಮತ್ತೆ ಆಡಬಹುದು. ನಾನು ಇದನ್ನು ಪ್ರಾಕ್ಟೀಸ್‌ಗೆ ತಂದೆ. ನಮ್ಮ ಆಟಗಳು ಚಿಕ್ಕವು, ಆದ್ದರಿಂದ ಮೂರು ನಿಮಿಷ. ಮೊದಲ ವಾರ ಹುಡುಗರು ಹೊರಗೆ ಕೂತು ಉರಿಯುತ್ತಿದ್ದರು. ಮೂರನೇ ವಾರದ ಹೊತ್ತಿಗೆ ಜೊತೆಯವರೇ ‘ಸುಮ್ನಿರೋ, ಮೂರು ನಿಮಿಷ ನಾವು ಸಾಯಬೇಕು’ ಅಂತ ಎಳೆದುಕೊಂಡು ಹೋಗತೊಡಗಿದರು. ಕೋಚ್ ಹೇಳಿದರೆ ಅದು ಬುದ್ಧಿವಾದ. ಜೊತೆಗಾರ ಹೇಳಿದರೆ ಅದು ನಾಳೆಯ ಪಾಸ್ ಸಿಗುತ್ತೋ ಇಲ್ವೋ ಅನ್ನುವ ಪ್ರಶ್ನೆ. ಗೆಳೆಯರು ನೋಡುವಾಗ ಹುಡುಗರು ಅಪಾಯಕ್ಕೆ ಕೈ ಹಾಕುತ್ತಾರೆ ಅಂದೆನಲ್ಲ, ಅದೇ ಗೆಳೆಯರನ್ನು ಈ ಕಡೆಗೂ ತಿರುಗಿಸಬಹುದು.

ನೆದರ್ಲೆಂಡ್ಸ್‌ನ ಅಯಾಕ್ಸ್ ಕ್ಲಬ್ ಹುಡುಗರನ್ನು ನಾಲ್ಕು ವಿಷಯದಲ್ಲಿ ಅಳೆಯುವುದಕ್ಕೆ ಹೆಸರುವಾಸಿ. ತಂತ್ರ, ಆಟದ ತಿಳಿವಳಿಕೆ, ವ್ಯಕ್ತಿತ್ವ, ವೇಗ. ವ್ಯಕ್ತಿತ್ವವನ್ನು ವೇಗದ ಪಕ್ಕದಲ್ಲೇ ಇಟ್ಟಿದ್ದಾರೆ ನೋಡಿ. 2024ರ ಯುರೋ ಸೆಮಿಫೈನಲ್‌ನಲ್ಲಿ ಫ್ರಾನ್ಸ್ ವಿರುದ್ಧ ಆ ಸುಂದರ ಗೋಲು ಹೊಡೆದಾಗ ಸ್ಪೇನ್‌ನ ಲಮೀನ್ ಯಮಾಲ್‌ಗೆ ಹದಿನೇಳು ತುಂಬಲು ಇನ್ನೂ ನಾಲ್ಕು ದಿನ ಇತ್ತು. ಆ ಟೂರ್ನಿಗೆ ಅವನು ಶಾಲೆಯ ಪುಸ್ತಕ ತಗೊಂಡು ಹೋಗಿದ್ದ. ಹೋಟೆಲ್ ರೂಮಿನಲ್ಲಿ ಹೋಮ್‌ವರ್ಕ್ ಮಾಡುತ್ತಿದ್ದ. ಮುಂದೆ ಅವನು ಹೇಗಾಗುತ್ತಾನೆ ಅನ್ನುವುದು ಬೇರೆ ವಿಷಯ. ಆ ಒಂದು ತಿಂಗಳು ಯಾವ ದೊಡ್ಡವರೂ ‘ನೀನು ಸ್ಟಾರ್, ಪುಸ್ತಕ ಯಾಕೆ’ ಅನ್ನಲಿಲ್ಲ. ನನಗೆ ಖುಷಿಯಾದದ್ದು ಅದಕ್ಕೆ.

ತಂದೆ ತಾಯಂದಿರಿಗೆ ಒಂದೇ ಮಾತು. ಮಗ ಮನೆಗೆ ಬಂದ ತಕ್ಷಣ ‘ಎಷ್ಟು ಗೋಲು?’ ಅಂತ ಕೇಳಬೇಡಿ. ಗೆರೆಯ ಆಚೆ ನಿಂತು ರೆಫ್ರಿಗೆ ಬೈಯುವ ಅಪ್ಪನ ಮಗನಿಗೆ ನಾನು ಎಷ್ಟು ಹೇಳಿದರೂ ಸಾಲದು. ಅವನು ಕಲಿಯುವುದು ನಿಮ್ಮ ದನಿಯನ್ನೇ.

ಈಗ ನನ್ನ ಹತ್ತಿರ ಮತ್ತೊಬ್ಬ ಹುಡುಗ ಇದ್ದಾನೆ. ಅವನದೂ ಎಡಗಾಲು. ನೋಡಿದಾಗೆಲ್ಲ ಹಳೆಯ ಭಯ ಎದೆಗೆ ಬರುತ್ತದೆ. ಹೋದ ತಿಂಗಳು ಅವನೂ ಎರಡು ಪ್ರಾಕ್ಟೀಸ್ ತಪ್ಪಿಸಿದ. ಪಂದ್ಯದ ದಿನ ಬೇಗ ಬಂದು, ಬೂಟು ಹಾಕಿ, ಲೇಸು ಬಿಗಿಯಾಗಿ ಕಟ್ಟಿ ನನ್ನ ಎದುರು ನಿಂತ. ‘ಇವತ್ತು ಬೇಡ’ ಅಂದೆ. ಅವನ ಕಣ್ಣು ತುಂಬಿತು. ನನ್ನ ದನಿಯೂ ಗಟ್ಟಿಯಾಗಿರಲಿಲ್ಲ. ಬೆಂಚಿನಲ್ಲಿ ನನ್ನ ಪಕ್ಕದಲ್ಲೇ ಕೂರಿಸಿಕೊಂಡೆ. ನಾವು 2–0ರಿಂದ ಸೋತೆವು. ಪಂದ್ಯ ಮುಗಿದ ಮೇಲೆ ನೀರಿನ ಬಾಟಲಿಗಳನ್ನು ಎತ್ತಿಡುವಾಗ ಬಂದು ಜೊತೆಗೆ ಎತ್ತಿದ. ಮಾತಾಡಲಿಲ್ಲ. ಮಂಗಳವಾರ ಎಲ್ಲರಿಗಿಂತ ಮೊದಲು ಬಂದಿದ್ದ. ಗುರುವಾರವೂ ಬಂದ. ಈ ವಾರ ಒಂದು ದಿನ ತಪ್ಪಿಸಿದ್ದಾನೆ. ನಾಳೆ ಬೆಳಿಗ್ಗೆ ಆರಕ್ಕೆ ಪ್ರಾಕ್ಟೀಸ್ ಇದೆ. ಇವತ್ತು ಮನೆಗೆ ಹೋಗಿ ಅವನಿಗೆ ಫೋನ್ ಮಾಡಬೇಕು.